ಹತ್ತರಲ್ಲಿ ಮೂರು ಗೇರ್

ಸೈಕಲ್ ಬಿಡಿಭಾಗದ ಡಬ್ಬಿ ಮೇಲೆ '10 ಸ್ಪೀಡ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಹಿಂದಿನ ಚಕ್ರದಲ್ಲಿ ಹತ್ತು ಹಲ್ಲುಗಾಲಿ ಇರುವ ಸೈಕಲ್ಲಿಗೆ ಇದು ಅಂತ ಅರ್ಥ. ಈ ಡಬ್ಬಿಯ ಹತ್ತಕ್ಕೂ ಪಕ್ಕದ ಕಂಪನಿಯ ಡಬ್ಬಿಯ ಹತ್ತಕ್ಕೂ ಮಾತುಕತೆ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ.

ನನ್ನ ರೋಡ್ ಬೈಕಿಗೆ ಹಿಂದೆ ಒಂಬತ್ತು ಗೇರ್ ಇದ್ದವು. ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ ಗೆಳೆಯನೊಬ್ಬ ಹನ್ನೊಂದು ಗೇರಿಗೆ ಬಡ್ತಿ ಪಡೆದ. ಬಿಚ್ಚಿಟ್ಟ ಹತ್ತು ಗೇರಿನ ಶಿಫ್ಟರ್ ಜೋಡಿಯನ್ನು, ಅಂದರೆ ಗೇರ್ ಬದಲಿಸುವ ಲಿವರ್‌ಗಳನ್ನು, ನನಗೆ ಪುಕ್ಕಟೆ ಕೊಟ್ಟ. ಪುಕ್ಕಟೆ ಬಂದದ್ದನ್ನು ಬೇಡ ಅನ್ನುವ ಸೈಕಲ್ ಸವಾರ ಇನ್ನೂ ಹುಟ್ಟಿಲ್ಲ. ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಬೇರೆ ಕಂಪನಿಯದು, ಅರ್ಧ ಬೆಲೆಗೆ ಸಿಕ್ಕಿತು. ಹಿಂದಿನ ಹಲ್ಲುಗಾಲಿಗಳ ಗೊಂಚಲು, ಅಂದರೆ ಕ್ಯಾಸೆಟ್, ಮೂರನೆಯವರದು, ಚೈನ್ ನಾಲ್ಕನೆಯವರದು.

"ಇನ್ಮೇಲೆ ಜೋರಾಗಿ ಹೋಗುತ್ತೇನ್ರೀ ಇದು?" ಅಂತ ಹೆಂಡತಿ ಕೇಳಿದಳು.

"ಇಲ್ಲ."

"ಮತ್ತೆ?"

"ಒಂದು ಗೇರ್ ಜಾಸ್ತಿ."

ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಚೈನ್ ವಿಷಯದಲ್ಲಿ ತಕರಾರಿಲ್ಲ. ಎಲ್ಲರ ಚೈನಿನಲ್ಲೂ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹತ್ತು ಗೇರಿನದು ಅಂತ ನೋಡಿ ತಂದರೆ ಸಾಮಾನ್ಯವಾಗಿ ಯಾರ ಹಲ್ಲಿನ ಮೇಲಾದರೂ ಓಡುತ್ತದೆ. ಬಡಪಾಯಿ ವಸ್ತು. ಕ್ಯಾಸೆಟ್ಟೂ ಚಕ್ರದ ನಡುವಿನ ಹಳೆಯ ಹಬ್ ಮೇಲೆ ಸಲೀಸಾಗಿ ಕೂತಿತು. ಅದನ್ನು ಹಿಡಿದಿಡುವ ಲಾಕ್ ರಿಂಗನ್ನು ಶಕ್ತಿ ಮೀರಿ ಬಿಗಿದೆ. ಆಮೇಲೆ ಕೈಯಿಂದ ಅಲ್ಲಾಡಿಸಿ ನೋಡಿದರೆ ಲೊಟಲೊಟ ಅನ್ನುತ್ತಿದೆ. ಇಂಥ ಕೆಲವು ಕ್ಯಾಸೆಟ್‌ಗಳ ಹಿಂದೆ 1 ಮಿ.ಮೀ. ದಪ್ಪದ ಒಂದು ಉಂಗುರ ಹಾಕಬೇಕು, ಡಬ್ಬಿಯಲ್ಲೇ ಕೊಟ್ಟಿರುತ್ತಾರೆ. ಉಗುರಿನಷ್ಟು ತೆಳ್ಳಗಿನ ಆ ಉಂಗುರ ಡಬ್ಬಿ ತೆರೆದಾಗಲೇ ಉರುಳಿ ಕಪಾಟಿನ ಅಡಿಗೆ ಸೇರಿತ್ತು. ಕೋಲು ಹಾಕಿ ಎಳೆದರೆ ಮೊದಲು ಒಂದು ಬಟನ್ ಬಂತು, ಆಮೇಲೆ ಹಳೆಯ ಪೆನ್ನಿನ ಕ್ಯಾಪು, ಕೊನೆಗೆ ಉಂಗುರ.

ಅಸಲಿ ಆಟ ಶುರುವಾದದ್ದು ಕೇಬಲ್ ಕಟ್ಟಿದ ಮೇಲೆ.

ಹಿಂದಿನ ಚಕ್ರ ಎತ್ತಿ ಹಿಡಿದು ಪೆಡಲ್ ತಿರುಗಿಸಿದೆ. ಒಂದು ಕ್ಲಿಕ್. ಚೈನ್ ಏರಲಿಲ್ಲ, ಪಕ್ಕದ ಗಾಲಿಯ ಹಲ್ಲಿಗೆ ಉಜ್ಜುತ್ತಾ ಕರಕರ ಅಂತು. ಇನ್ನೊಂದು ಕ್ಲಿಕ್ಕಿಗೆ ಏರಿತು, ಆದರೆ ನೆಟ್ಟಗೆ ಕೂರಲಿಲ್ಲ. ಡಿರೈಲರ್ ಬೆನ್ನಿನ ಅಡ್ಜಸ್ಟರ್ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಮೇಲಿನ ಗಾಲಿ ಸರಿಹೋಯಿತು, ಕೆಳಗಿನದು ಕೆಟ್ಟಿತು. ಕಾಲು ಸುತ್ತು ಸಡಿಲ ಮಾಡಿದೆ. ಕೆಳಗಿನದು ಸರಿಹೋಯಿತು, ಮಧ್ಯದ್ದು ಕೈಕೊಟ್ಟಿತು. ಎತ್ತು ಏರಿಗೆ, ಕೋಣ ನೀರಿಗೆ.

ಇದಕ್ಕೊಂದು ಲೆಕ್ಕ ಇದೆ. ಶಿಫ್ಟರ್ ಪ್ರತಿ ಕ್ಲಿಕ್ಕಿಗೂ ಇಂತಿಷ್ಟು ಕೇಬಲ್ ಎಳೆಯುತ್ತದೆ. ಡಿರೈಲರ್ ಅದರ ಇಂತಿಷ್ಟು ಪಟ್ಟು ಪಕ್ಕಕ್ಕೆ ಸರಿಯುತ್ತದೆ. ಗುಣಿಸಿದರೆ ಪಕ್ಕದ ಹಲ್ಲುಗಾಲಿಗೆ ಇರುವ ದೂರ ಬರಬೇಕು. ಹತ್ತು ಗೇರಿನಲ್ಲಿ ಆ ದೂರ ಸುಮಾರು 3.95 ಮಿ.ಮೀ. ಶಿಮಾನೊ ಕಂಪನಿಯ ಹಳೆಯ 10 ಗೇರಿನ ರೋಡ್ ಶಿಫ್ಟರ್ ಸುಮಾರು 2.3 ಮಿ.ಮೀ. ಎಳೆಯುತ್ತದೆ, ಅದರ ಡಿರೈಲರ್ 1.7 ಪಟ್ಟು ಸರಿಯುತ್ತದೆ. ಸ್ರಾಮ್ ಕಂಪನಿಯದು 3.1 ಮಿ.ಮೀ. ಮತ್ತು 1.3 ಪಟ್ಟು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತಾರೆ, ದಾರಿ ಮಾತ್ರ ಬೇರೆ. ಈಗ ಶಿಮಾನೊ ಶಿಫ್ಟರ್, ಸ್ರಾಮ್ ಡಿರೈಲರ್ ಹಾಕಿ ನೋಡಿ. 2.3ನ್ನು 1.3ರಿಂದ ಗುಣಿಸಿದರೆ ಸುಮಾರು 3. ಒಂದೊಂದು ಕ್ಲಿಕ್ಕಿಗೂ ಒಂದು ಮಿ.ಮೀ. ಖೋತಾ. ನಾಲ್ಕು ಕ್ಲಿಕ್ ಒತ್ತಿದರೆ ಮೂರು ಗಾಲಿ ದಾಟುತ್ತದೆ. ಅಂದರೆ ಚಿಕ್ಕ ಗಾಲಿಯಿಂದ ಎಣಿಸಿದರೆ ಒಂದನೆಯದು, ನಾಲ್ಕನೆಯದು, ಏಳನೆಯದು, ಈ ಮೂರೇ ನೆಟ್ಟಗೆ ಸಿಗುವುದು. ದೊಡ್ಡ ಗಾಲಿಗಳ ಹತ್ತಿರ ಹೋಗುವಷ್ಟರಲ್ಲಿ ಕ್ಲಿಕ್ಕೇ ಮುಗಿದಿರುತ್ತದೆ. ದಿಣ್ಣೆ ಹತ್ತುವಾಗ ಬೇಕಾಗುವುದು ಅವೇ ಅಲ್ವಾ!

ನನ್ನ ಜೋಡಿಯೂ ಇದೇ ಜಾತಿಯದು. ದಿಣ್ಣೆಯ ಅರ್ಧಕ್ಕೆ ಇಳಿದು ತಳ್ಳುತ್ತಿದ್ದಾಗ ಹಿಂದಿನಿಂದ ಬಂದ ಹುಡುಗನೊಬ್ಬ, "ಅಂಕಲ್, ಗೇರ್ ಇದೆಯಲ್ಲ?" ಅಂದ. ಇದೆ ಅಂದೆ. ಸುಳ್ಳಲ್ಲ.

ಈ ತಾಪತ್ರಯ ಹಿಂದೆ ಇರಲಿಲ್ಲ. ಗೇರ್ ಬದಲಿಸುವ ಸನ್ನೆಗೆ, ಅಂದರೆ ಲಿವರ್‌ಗೆ, ಕ್ಲಿಕ್ಕೇ ಇಲ್ಲದಿದ್ದ ಕಾಲದಲ್ಲಿ ಎಷ್ಟು ಎಳೆಯಬೇಕು ಅಂತ ಕೈಗೆ ಗೊತ್ತಿರುತ್ತಿತ್ತು. ಯಾರ ಸನ್ನೆಗೆ ಯಾರ ಡಿರೈಲರ್ ಹಾಕಿದರೂ ನಡೆಯುತ್ತಿತ್ತು. 1984ರಲ್ಲಿ ಶಿಮಾನೊ ತನ್ನ ಡ್ಯೂರಾ-ಏಸ್ ಅನ್ನುವ ಬಿಡಿಭಾಗಗಳ ಸೆಟ್ಟಿಗೆ ಟಿಕ್ ಟಿಕ್ ಅನ್ನುವ ಸನ್ನೆ ಕೊಟ್ಟಿತು. ಆ ಪದ್ಧತಿ ಎಲ್ಲ ಕಡೆ ನೆಲೆಯಾಯಿತು, ಒಬ್ಬೊಬ್ಬರದು ಒಂದೊಂದು ಲೆಕ್ಕವಾಯಿತು. ಹಾಗಂತ ಒಂದೇ ಹೆಸರಿನ ಡಬ್ಬಿ ತಂದರೆ ಪಾರು ಅಂದುಕೊಳ್ಳಬೇಡಿ. ಶಿಮಾನೊದ ಟಿಯಾಗ್ರಾ 4700 ಅನ್ನುವ ಸೆಟ್ಟು ಕೂಡ ಹತ್ತು ಗೇರಿನದೇ. ಆದರೆ ಅದರ ಎಳೆತ ಹನ್ನೊಂದು ಗೇರಿನವರ ಲೆಕ್ಕದ್ದು, ಅದೇ ಮನೆಯ ಹಳೆಯ ಹತ್ತರ ಜೊತೆ ಅದಕ್ಕೆ ಮಾತಿಲ್ಲ.

ಕೇಬಲ್ ಎಳೆತವನ್ನು ತಿದ್ದುವ ಪುಟ್ಟ ರಾಟೆಗಳೂ ಸಿಗುತ್ತವೆ. ಕೊಳ್ಳೋಣ ಅಂತ ಹೊರಟಿದ್ದೆ. ಆ ಹಣಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಶಿಫ್ಟರ್ ಕಂಪನಿಯದೇ ಡಿರೈಲರ್ ಬರುತ್ತದೆ ಅಂತ ಹೆಂಡತಿ ಲೆಕ್ಕ ಹಾಕಿ ಹೇಳಿದಳು. ಅದನ್ನೇ ತಂದೆ. ಈಗ ಹತ್ತಕ್ಕೆ ಹತ್ತೂ ಸಿಗುತ್ತವೆ, ಬೇರೆಯವರ ಕ್ಯಾಸೆಟ್ಟು, ಬೇರೆಯವರ ಚೈನು ತುಟಿಪಿಟಕ್ ಅನ್ನದೆ ಓಡುತ್ತಿವೆ. ಪುಕ್ಕಟೆ ಶಿಫ್ಟರ್ ಒಟ್ಟು ಎಷ್ಟಕ್ಕೆ ಬಿತ್ತು ಅನ್ನುವುದು ಬೇಡ ಬಿಡಿ.

ಮೊನ್ನೆ ಅದೇ ಗೆಳೆಯ ಬಂದಿದ್ದ. ಅವನ ಹನ್ನೊಂದು ಗೇರಿನ ಸೈಕಲ್ ಬಿದ್ದು ಡಿರೈಲರ್ ಬಗ್ಗಿದೆಯಂತೆ. ಮೂಲೆಯಲ್ಲಿದ್ದ, ನಾನು ಬಿಚ್ಚಿಟ್ಟ ಬೇರೆ ಕಂಪನಿಯ ಡಿರೈಲರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಹತ್ತಕ್ಕೂ ಹನ್ನೊಂದಕ್ಕೂ ಒಂದೇ ತಾನೇ ವ್ಯತ್ಯಾಸ? ಅಡ್ಜಸ್ಟ್ ಮಾಡ್ಕೋತೀನಿ ಬಿಡೋ" ಅಂದ.

ಚೀಲಕ್ಕೆ ಹಾಕಿ ಕೊಟ್ಟು ಕಳಿಸಿದೆ. ಪುಕ್ಕಟೆಯಾಗಿ.