ದೆವ್ವಕ್ಕೆ ಎರಡು ಕಣ್ಣು ಸಾಕು

ಬಟನ್ ಇಡ್ಲಿಗೆ ಎರಡು ಕಪ್ಪು ಚುಕ್ಕಿ ಇಡಿ. ಅಲ್ಲಿಯವರೆಗೆ ತಟ್ಟೆಯಲ್ಲಿ ಸುಮ್ನೆ ಬಿದ್ದಿದ್ದ ಇಡ್ಲಿ ನಿಮ್ಮನ್ನೇ ದುರುಗುಟ್ಟಿ ನೋಡತೊಡಗುತ್ತದೆ. ಅಕ್ಟೋಬರ್ 31ಕ್ಕೆ ದೆವ್ವಭೂತದ ವೇಷ ಹಾಕುವ ಹ್ಯಾಲೋವೀನ್ ಪಾರ್ಟಿಯ ತಿಂಡಿಯ ಗುಟ್ಟೆಲ್ಲ ಇಷ್ಟೇ. ಜೇಡ, ಬಾವಲಿ, ತಲೆಬುರುಡೆ ಅಂತ ಮೊಬೈಲಿನಲ್ಲಿ ನೂರೆಂಟು ತೋರಿಸುತ್ತಾರೆ. ಅಷ್ಟೆಲ್ಲ ಒದ್ದಾಡಬೇಕಾಗಿಲ್ಲ. ಕಣ್ಣಿಟ್ಟರೆ ಬೆಂಡೆಕಾಯಿಗೂ ಜೀವ ಬರುತ್ತದೆ.

ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಮನೆ ಕಟ್ಟುವಾಗ ಬೂದುಗುಂಬಳಕ್ಕೆ ಗುಡ್ಡೆಗಣ್ಣು, ಕೋರೆಹಲ್ಲು ಬರೆದು ತೂಗುಹಾಕುವವರು ನಾವು. ಐರ್ಲೆಂಡಿನವರು ಹಿಂದೆ ಹ್ಯಾಲೋವೀನಿಗೆ ಟರ್ನಿಪ್ ಗಡ್ಡೆ ಕೊರೆದು ಅದರೊಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಸಿಕ್ಕಿತು. ಗಾತ್ರದಲ್ಲಿ ದೊಡ್ಡದು, ಕೊರೆಯುವುದಕ್ಕೂ ಸುಲಭ. ಟರ್ನಿಪ್ಪನ್ನು ಮರೆತೇಬಿಟ್ಟರು. ಅವರು ಅದರಲ್ಲಿ ದೀಪ ಹಚ್ಚುತ್ತಾರೆ, ನಾವು ಆಯುಧಪೂಜೆಗೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುತ್ತೇವೆ. ಆ ಸಂಜೆ ಬೆಂಗಳೂರಿನ ರಸ್ತೆ ನೋಡಿದವರನ್ನು ಹ್ಯಾಲೋವೀನ್ ಕೇಕ್ ತೋರಿಸಿ ಹೆದರಿಸುವುದು ಕಷ್ಟ.

ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಗೆ ಈ ಹಬ್ಬ ಬಂದದ್ದು ಮಕ್ಕಳ ಹಠದಿಂದ. ಗಣಪತಿ ಇದೆ, ದಾಂಡಿಯಾ ಇದೆ, ದೀಪಾವಳಿ ಇದೆ, ಇದೂ ಯಾಕೆ ಅಂತ ಹಿರಿಯರು ಗೊಣಗಿದರು. ಆಮೇಲೆ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಅವರೇ ಕೂತರು. 2024ರಲ್ಲಂತೂ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ. ಬೆಳಿಗ್ಗೆ ಎದುರುಮನೆಯ ಮರಾಠಿಯವರು ಎಣ್ಣೆಸ್ನಾನ ಮುಗಿಸಿ, ಪದ್ಧತಿಯಂತೆ ಕಾರೀಟ್ ಎಂಬ ಪುಟ್ಟ ಕಹಿ ಕಾಯಿಯನ್ನು ಕಾಲಿನಿಂದ ಒಡೆದು ನರಕಾಸುರನನ್ನು ಮುಗಿಸಿದ್ದರು. ಸಂಜೆ ಅವರ ಮಗನೇ ಕೊಂಬು ಕಟ್ಟಿಕೊಂಡು ಲಿಫ್ಟಿನಿಂದ ಇಳಿದ.

ತಿಂಡಿ ಮಾಡುವವರಿಗೆ ಮಾತ್ರ ಇದು ಸ್ವಲ್ಪ ಲೆಕ್ಕಾಚಾರದ ಹಬ್ಬ. ನಮ್ಮ ಕಟ್ಟಡದಲ್ಲಿ ಗುಜರಾತಿಗಳಿದ್ದಾರೆ, ಜೈನರಿದ್ದಾರೆ, ಮಂಗಳೂರಿನವರಿದ್ದಾರೆ, ಧಾರವಾಡದವರಿದ್ದಾರೆ. ಎಲ್ಲರ ಮಕ್ಕಳೂ ಒಂದೇ ತಟ್ಟೆಗೆ ಕೈ ಹಾಕುತ್ತವೆ. ಹಾಗಾಗಿ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನೆಲದೊಳಗೆ ಬೆಳೆಯುವ ಆಲೂಗಡ್ಡೆಯೂ ಇಲ್ಲ. ರಕ್ತ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೀಟ್‌ರೂಟ್, ಅಲ್ವಾ? ಅದೂ ಗಡ್ಡೆಯೇ. ಆಲೂ ಜಾಗಕ್ಕೆ ಬಾಳೆಕಾಯಿ ಬಂತು. ಮುಂಬೈಯಲ್ಲಿ ಜೈನ ಪಾವ್ ಭಾಜಿ ಮಾಡುವುದೂ ಹಾಗೆಯೇ, ಬೇಯಿಸಿ ಮಸೆದರೆ ವ್ಯತ್ಯಾಸ ಜಾಸ್ತಿ ತಿಳಿಯುವುದಿಲ್ಲ.

ಇನ್ನೊಂದು ತೊಡಕು ಹೊತ್ತಿನದು. ಜೈನರಲ್ಲಿ ಹಲವರು ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಅಕ್ಟೋಬರ್ ಕೊನೆಗೆ ಇಲ್ಲಿ ಸಂಜೆ 6 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಅಂದಮೇಲೆ ನಮ್ಮ ದೆವ್ವಗಳು 5 ಗಂಟೆಗೇ ಊಟಕ್ಕೆ ಕೂರಬೇಕು, ಸುಡುಬಿಸಿಲಿನಲ್ಲಿ, ಟೆರೇಸಿನ ಮೇಲೆ. ಡ್ರಾಕುಲಾ ಬೆವರು ಒರೆಸಿಕೊಳ್ಳುತ್ತಾ ನಿಂಬೂ ಪಾನಿ ಕೇಳುತ್ತಾನೆ. ಮೊಬೈಲಿನಲ್ಲಿ ನೋಡಿದ ಚಾಕೊಲೇಟ್ ಜೇಡಗಳನ್ನು ಇಲ್ಲಿಗೆ ತಂದರೆ ಅರ್ಧ ಗಂಟೆಯಲ್ಲಿ ಕಾಲು ಕರಗಿ ಕೂರುತ್ತವೆ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಬೇಕಾದಷ್ಟಿದೆ. ನನ್ನ ಮೆಚ್ಚಿನದು ನೀರುದೋಸೆಯ ದೆವ್ವ. ಒಂದೇ ಬದಿ ಬೇಯುವ, ಬಣ್ಣ ತಿರುಗದ, ಬಿಳಿ ಪಂಚೆಯಷ್ಟು ತೆಳ್ಳಗಿನ ದೋಸೆ ದೆವ್ವಕ್ಕಲ್ಲದೆ ಇನ್ಯಾರಿಗೆ? ಅಂಗೈಯಗಲದ ಪುಟ್ಟ ದೋಸೆ ಹೊಯ್ದು, ಆರಲು ಬಿಡಬೇಕು. ಬಿಸಿಯಲ್ಲಿ ಒಂದರ ಮೇಲೊಂದು ಹಾಕಿದರೆ ಅಂಟಿಕೊಂಡು ಎಲ್ಲ ಸೇರಿ ಒಂದೇ ದೆವ್ವವಾಗುತ್ತದೆ. ಬಾಳೆಕಾಯಿ ಕಟ್ಲೆಟ್ಟನ್ನು ಉಂಡೆ ಮಾಡಿ ಕರಿದು, ಅದರ ಮೇಲೆ ದೋಸೆ ಹೊದಿಸಿ, ಎರಡು ಕಣ್ಣು. ಕೈಯಲ್ಲಿ ಹಿಡಿದು ಎರಡೇ ತುತ್ತು. ತುತ್ತು ಸಣ್ಣದಿರಲೇಬೇಕು. ಮುಖವಾಡದ ಬಾಯಿಯ ತೂತು ಎಷ್ಟಿರುತ್ತದೆ ಅಂತ ಅಂಗಡಿಯಲ್ಲಿ ಯಾರೂ ನೋಡುವುದಿಲ್ಲ.

ಈಜಿಪ್ಟಿನ ಮಮ್ಮಿಗೆ ಪನೀರ್ ಬೇಕು. ಬೆರಳುದ್ದ ಕತ್ತರಿಸಿ, ಪಫ್ ಪೇಸ್ಟ್ರಿ ಹಾಳೆಯ ಸಣ್ಣ ಪಟ್ಟಿಗಳನ್ನು ಬ್ಯಾಂಡೇಜಿನಂತೆ ಅಡ್ಡಾದಿಡ್ಡಿ ಸುತ್ತಿ, ಓವನ್ನಿನಲ್ಲಿ 200 ಡಿಗ್ರಿಗೆ ಹೊಂಬಣ್ಣ ಬರುವವರೆಗೆ ಬೇಯಿಸಿದರೆ ಆಯಿತು. ಹಾಳೆ ತಣ್ಣಗಿರುವಾಗಲೇ ಸುತ್ತಬೇಕು. ಪದರಗಳ ನಡುವಿನ ಬೆಣ್ಣೆ ಒಲೆಗೆ ಹೋಗುವ ಮೊದಲೇ ಕರಗಿದರೆ ಖಾರಿ ಬಿಸ್ಕತ್ತಿನ ಹಾಗೆ ಉಬ್ಬುವುದಿಲ್ಲ. ಮಾಟಗಾತಿಯ ಬೆರಳಿಗೆ ನಾನ್‌ಖಟಾಯಿ ಹಿಟ್ಟೇ ಸಾಕು. ಬೆರಳಿಗಿಂತ ಸಪೂರ ಹೊಸೆದು, ಗೆಣ್ಣಿನ ಹತ್ತಿರ ಚಾಕುವಿನಿಂದ ಗೀರಿ, ತುದಿಗೆ ಉಗುರಿನಂತೆ ಬಾದಾಮಿ ಒತ್ತಬೇಕು. ಬೆರಳಷ್ಟೇ ದಪ್ಪ ಹೊಸೆದರೆ ಒಲೆಯಲ್ಲಿ ಹರಡಿ ಹೆಬ್ಬೆರಳಾಗುತ್ತದೆ. ಹೆಬ್ಬೆರಳಿಗೆ ಯಾರೂ ಹೆದರುವುದಿಲ್ಲ. ಜೇಡರ ಬಲೆಗೆ ಕೈ ನೋಯಿಸಿಕೊಳ್ಳಬೇಡಿ. ದೀಪಾವಳಿ ಹಿಂದೋ ಮುಂದೋ ಇರುವ ಕಾಲ, ಡಬ್ಬದಲ್ಲಿ ಚಕ್ಕುಲಿ ಇದ್ದೇ ಇರುತ್ತದೆ.

ಇನ್ನು ಕಣ್ಣಿನ ವಿಚಾರ. ಕಾಳುಮೆಣಸು ನೋಡಲು ಚೆಂದ, ಆದರೆ ಮಗು ಕಚ್ಚಿದರೆ ಕೆಲಸ ಕೆಟ್ಟಿತು. ಲವಂಗ ಇನ್ನೂ ಕೆಟ್ಟದ್ದು. ಎಲ್ಲ ರೀತಿಯಲ್ಲೂ ಸರಿ ಕಂಡದ್ದು ಕರಿ ಎಳ್ಳು. ಹಿಂದಿನ ದಿನ ಬಟನ್ ಇಡ್ಲಿಗೆ ಎಳ್ಳಿನ ಕಣ್ಣು ಅಂಟಿಸಿ ಸಾಲಾಗಿ ಜೋಡಿಸಿ ನೋಡುತ್ತಿದ್ದೆ. ನಮ್ಮತ್ತೆ ಅಡಿಗೆಮನೆಗೆ ಬಂದವರು ಬಾಗಿಲಲ್ಲೇ ನಿಂತರು.

"ಬಿಳಿ ಉಂಡೆ ಮೇಲೆ ಕರಿ ಎಳ್ಳು ಇಡ್ತೀಯೇನೇ? ಯಾರು ಹೋದ್ರು?"

ಮಕ್ಕಳನ್ನು ಹೆದರಿಸಲು ಹೊರಟ ಇಡ್ಲಿ ಎಂಬತ್ತರ ಗಡಿಯಲ್ಲಿರುವವರನ್ನು ಹೆದರಿಸಿತ್ತು. ಅವರು ಹೇಳಿದ್ದರಲ್ಲಿ ಅರ್ಥವಿದೆ. ಪಿತೃಪಕ್ಷ ಮುಗಿದು ಇನ್ನೂ ತಿಂಗಳೆರಡು ತಿಂಗಳೂ ಆಗಿರಲಿಲ್ಲ. ನಮ್ಮ ಕಡೆ ಸತ್ತವರಿಗೂ ತಿಂಡಿ ಇದೆ, ಅದಕ್ಕೊಂದು ಕ್ರಮವಿದೆ, ಅದನ್ನು ತಮಾಷೆಗೆ ಎಳೆಯುವುದಿಲ್ಲ. ಎಳ್ಳು ಒಳಗೆ ಹೋಯಿತು, ಕಪ್ಪು ಆಲಿವ್ ಹೊರಗೆ ಬಂತು. ಆಲಿವ್‌ಗೆ ನಮ್ಮಲ್ಲಿ ಯಾವ ತಿಥಿಯೂ ಇಲ್ಲ.

ಅಂದಿನಿಂದ ಈ ಪಾರ್ಟಿಯಲ್ಲಿ ಯಾರು ಯಾವುದಕ್ಕೆ ಹೆದರುತ್ತಾರೆ ಅಂತ ನೋಡುವುದೇ ನನಗೊಂದು ಮೋಜು. ಮಕ್ಕಳು ಕತ್ತರಿಸಿದ ಬೆರಳನ್ನು ಕರುಂಕುರುಂ ಅಂತ ತಿನ್ನುತ್ತವೆ. ಆದರೆ ಕಟ್ಲೆಟ್ಟಿನಲ್ಲಿ ಚೂರು ಹಸಿರು ಕಂಡರೆ, "ಆಂಟಿ, ಇದ್ರಲ್ಲಿ ಕ್ಯಾಪ್ಸಿಕಂ ಇದೆಯಾ?" ಅಂತ ನಿಜವಾದ ಗಾಬರಿಯಿಂದ ಕೇಳುತ್ತವೆ. ಗಂಡಸರು ಅಸ್ಥಿಪಂಜರದ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಗಂಡಸರು, ಅಲಂಕಾರಕ್ಕೆ ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿ ಸರ ಕಳಚಿ ನೆಲಕ್ಕೆ ಬಿದ್ದಾಗ ಸುತ್ತುಹಾಕಿಕೊಂಡು ನಡೆದರು. ಅದನ್ನು ಎತ್ತಿದ್ದು ಕೊನೆಗೆ ನಾನೇ.

ಮಾಟುಂಗದಿಂದ ತಂದ ಮಜ್ಜಿಗೆ ಮೆಣಸು ಮಾತ್ರ ದೊಡ್ಡವರ ಬದಿಗೆ. ಕರಿದಾಗ ಕಪ್ಪಗೆ ಮುರುಟಿ ಕೊಕ್ಕೆಯಾಗುವ ಅದಕ್ಕಿಂತ ಒಳ್ಳೆಯ ಪಿಶಾಚಿಯ ಉಗುರು ಎಲ್ಲೂ ಸಿಗದು. ಯಾವ ಕೈಚಳಕವೂ ಬೇಡ. ಧಾರವಾಡದವರು ಒಂದು ಬಾಯಿಗೆ ಹಾಕಿಕೊಂಡು, "ಉಗುರು ಚಲೋ ಆಗೇದ, ಆದ್ರ ಮೊಸರನ್ನ ಎಲ್ಲಿ?" ಅಂದರು. ಮುಂದಿನ ಸಲದಿಂದ ಪುಟ್ಟ ಕಪ್ಪುಗಳಲ್ಲಿ ಮೊಸರನ್ನ, ಮೇಲೆ ನೆಟ್ಟ ಉಗುರು. ಗೋರಿಯಿಂದ ಕೈ ಎದ್ದ ಹಾಗೆ ಕಾಣುತ್ತದೆ, ಮೊದಲು ಖಾಲಿಯಾಗುವುದೂ ಅದೇ.

ರಕ್ತಕ್ಕೆ ಬೀಟ್‌ರೂಟ್ ಇಲ್ಲವಲ್ಲ, ಅದಕ್ಕೆ ಕೋಕಂ. ನಮ್ಮ ಪುನರ್ಪುಳಿಯೇ. ಒಣಸಿಪ್ಪೆ ನೆನೆಸಿ ಹಿಂಡಿ, ಸಕ್ಕರೆ, ಜೀರಿಗೆಪುಡಿ, ಚಿಟಿಕೆ ಕರಿಯುಪ್ಪು ಹಾಕಿದರೆ ಬಿಸಿಲಿಗೂ ತಂಪು, ನೋಡಲೂ ಭೀಕರ. ಆದರೆ ದೆವ್ವಗಳಲ್ಲಿ ಮುಕ್ಕಾಲು ಪಾಲು ಮನೆಯ ಬಿಳಿ ಬೆಡ್‌ಶೀಟ್ ಹೊದ್ದು ಬಂದಿರುತ್ತವೆ. ಕೋಕಂ ಕಲೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಜಗ್ ಹೊರಗೆ ತಂದೊಡನೆ ಟೆರೇಸಿನ ತುಂಬ ಕಿರುಚಾಟ ಏಳುತ್ತದೆ, ಎಲ್ಲವೂ ಅಮ್ಮಂದಿರದ್ದೇ. ಈಗ ನಿಯಮ ಮಾಡಿದ್ದೇವೆ: ಮೊದಲು ಬೆಡ್‌ಶೀಟ್ ಕಳಚಿ ಮಡಚಿ ಕೊಡಬೇಕು, ಆಮೇಲೆ ರಕ್ತ.