ಆರ್ಡರ್ ಪೈಲಟ್‌ದು, ಕೈಕೋಳ ಕ್ಯಾಪ್ಟನ್‌ಗೆ

ಇವತ್ತು ಬೆಳಿಗ್ಗೆ ಸರಸ್ವತಿಪುರಂನಲ್ಲಿ ದೋಸೆಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಟೇಬಲ್‌ನವರು ಒಂದು ವಿಡಿಯೋ ನೋಡುತ್ತಿದ್ದರು. ದೊಡ್ಡ ಕಂಟೇನರ್ ಹಡಗೊಂದು ಬಂದರಿನೊಳಗೆ ಬಂದು ಕ್ರೇನಿಗೆ ಗುದ್ದುತ್ತದೆ, ಕ್ರೇನ್ ಮುರಿದು ಬೀಳುತ್ತದೆ. ಎಲ್ಲರ ತೀರ್ಪೂ ಒಂದೇ. 'ಕ್ಯಾಪ್ಟನ್ ಟೈಟಾಗಿದ್ದ ಅನ್ಸುತ್ತೆ.' ಕೆಆರ್‌ಎಸ್ ಹಿನ್ನೀರು ಬಿಟ್ಟರೆ ಬೇರೆ ನೀರು ನೋಡದವರು ಕೂತಲ್ಲೇ ಕ್ಯಾಪ್ಟನ್‌ಗೆ ರಕ್ತ ಪರೀಕ್ಷೆಯನ್ನೂ ಮಾಡಿ ಮುಗಿಸಿದ್ದರು. ಮೈ ಉರಿಯಿತು. ಜಗಳ ಆಡೋಣ ಅನ್ನುವಷ್ಟರಲ್ಲಿ ದೋಸೆ ಬಂತು. ಹಾಗಾಗಿ ಇಲ್ಲಿ ಆಡುತ್ತಿದ್ದೇನೆ.

ನಾನು ಹಡಗಿನಲ್ಲಿ ಏನಾಗಿದ್ದೆ ಅಂತ ನಿಮಗೆಲ್ಲ ಗೊತ್ತು. ಆಫೀಸರ್ ಅಲ್ಲ, ಚುಕ್ಕಾಣಿ ಚಕ್ರ ಹಿಡಿಯುವವನು. (ಮಂಡ್ಯದಲ್ಲಿ ನಮ್ಮಮ್ಮ ಸಿಕ್ಕವರಿಗೆಲ್ಲ 'ಮಗ ಹಡಗು ಓಡಿಸ್ತಾನೆ' ಅನ್ನುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ.) ಬಂದರು ಹತ್ತಿರ ಬಂದಾಗ ಆ ಬಂದರಿನ ಪೈಲಟ್, ಅಂದರೆ ಅಲ್ಲಿನ ನೀರು ಬಲ್ಲ, ಹಡಗನ್ನು ಒಳಗೆ ಕರೆತರಲು ಬಂದರಿನವರು ಕಳಿಸುವವನು, ದೋಣಿಯಲ್ಲಿ ಬಂದು, ಹಗ್ಗದ ಏಣಿ ಹತ್ತಿ ಬ್ರಿಡ್ಜ್‌ಗೆ (ಹಡಗು ನಡೆಸುವ ಕೋಣೆಗೆ) ಬರುತ್ತಾನೆ. ಕ್ಯಾಪ್ಟನ್ ಜೊತೆ ನಾಲ್ಕು ಮಾತು, ಹಡಗಿನ ವಿವರ ಇರುವ ಪೈಲಟ್ ಕಾರ್ಡಿಗೆ ಒಂದು ಸಹಿ, ಒಂದು ಕಾಫಿ. ಅಲ್ಲಿಂದಾಚೆ ನನಗೆ ಹೇಳುವವನು ಅವನೇ. ಅವನು 'ಸ್ಟಾರ್‌ಬೋರ್ಡ್ ಟೆನ್' (ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ) ಅಂದರೆ ನಾನೂ 'ಸ್ಟಾರ್‌ಬೋರ್ಡ್ ಟೆನ್' ಅಂತ ಗಟ್ಟಿಯಾಗಿ ಹೇಳಿ ಚಕ್ರ ತಿರುಗಿಸಬೇಕು. ಎಂಜಿನ್ ಎಷ್ಟು ಜೋರು, ಹಡಗನ್ನು ಎಳೆಯುವ, ತಳ್ಳುವ ಟಗ್ ದೋಣಿ ಎಲ್ಲಿ ಎಳೆಯಬೇಕು, ಎಲ್ಲ ಅವನ ಬಾಯಿಂದಲೇ. ಕ್ಯಾಪ್ಟನ್ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ.

ಗುದ್ದಿದರೆ ಮಾತ್ರ ಹಡಗು ಕ್ಯಾಪ್ಟನ್‌ದು!

ಇದು ನನ್ನ ಹೊಟ್ಟೆಯುರಿ ಅಲ್ಲ, ಕಾನೂನೇ ಹಾಗಿದೆ. ನಾನು ಹಡಗಿನಲ್ಲಿದ್ದಾಗ ನಮ್ಮಲ್ಲಿ ನಡೆಯುತ್ತಿದ್ದದ್ದು 1908ರ ಬಂದರು ಕಾಯ್ದೆ. ಅದರ 31ನೇ ಸೆಕ್ಷನ್ ಪೈಲಟ್ ಇಲ್ಲದೆ ದೊಡ್ಡ ಹಡಗು ಬಂದರಿನೊಳಗೆ ಬರುವಂತಿಲ್ಲ ಅನ್ನುತ್ತಿತ್ತು. ಅದೇ ಸೆಕ್ಷನ್ನು, ಅದೇ ಉಸಿರಿನಲ್ಲಿ, ಹಾನಿಯಾದರೆ ಹೊಣೆ ಹಡಗಿನ ಮಾಲೀಕ ಮತ್ತು ಕ್ಯಾಪ್ಟನ್‌ದು ಅನ್ನುತ್ತಿತ್ತು. ದಸರಾ ದಿನ ಅರಸು ರಸ್ತೆಗೆ ಕಾರು ತಂದರೆ ಪೊಲೀಸರೇ ಒಬ್ಬ ಡ್ರೈವರ್ ಕೂರಿಸುತ್ತಾರೆ, ಬೇಡ ಅನ್ನುವ ಹಾಗಿಲ್ಲ, ಸಂಬಳ ನೀವೇ ಕೊಡಬೇಕು, ಅವನು ಕಂಬಕ್ಕೆ ಗುದ್ದಿದರೆ ಕಂಬದ ದುಡ್ಡೂ ನಿಮ್ಮದೇ. ಒಪ್ಪುತ್ತೀರಾ?

ಎವರ್ ಗಿವನ್ ನೆನಪಿದೆಯಲ್ಲ? 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಗೆ ಅಡ್ಡ ನಿಂತ ಆ 400 ಮೀಟರ್ ಹಡಗು. ಮೀಮ್ ಮಾಡಿ ನಕ್ಕಿರಿ, ನಾನೂ ನಕ್ಕೆ. ಆದರೆ ಅದರಲ್ಲಿದ್ದ 25 ಸಿಬ್ಬಂದಿಯೂ ಭಾರತೀಯರು. ಆ ಹೊತ್ತಿನಲ್ಲಿ ಬ್ರಿಡ್ಜ್ ಮೇಲೆ ಈಜಿಪ್ಟಿನ ಇಬ್ಬರು ಪೈಲಟ್‌ಗಳಿದ್ದರು. ಕಾಲುವೆಯವರು ಏನಂದರು? ಪೈಲಟ್ ಬರೀ ಸಲಹೆ ಕೊಡುವವನು, ಹೊಣೆ ಕ್ಯಾಪ್ಟನ್‌ದು. ಮೊದಲು 900 ಮಿಲಿಯನ್ ಡಾಲರ್‌ಗೂ ಜಾಸ್ತಿ ಕೇಳಿದರು. ಹಡಗನ್ನು ಜುಲೈವರೆಗೆ ಬಿಡಲಿಲ್ಲ.

ಈಗ ಯಾರಾದರೂ ಕಾಮೆಂಟ್‌ನಲ್ಲಿ ಬಂದೇ ಬರುತ್ತಾರೆ. 'ಪೈಲಟ್ ತಪ್ಪು ಮಾಡುತ್ತಿದ್ದರೆ ಕ್ಯಾಪ್ಟನ್ ತಡೆಯಬಹುದಲ್ಲ, ಅಧಿಕಾರ ಅವನದೇ ಅಲ್ವಾ?' ಹೌದು ಸ್ವಾಮಿ, ಪುಸ್ತಕದಲ್ಲಿ ಅವನದೇ. ಒಂದು ಬಂದರಿನಲ್ಲಿ (ಹೆಸರು ಬೇಡ) ನಾನೇ ಕಂಡದ್ದು ಹೇಳುತ್ತೇನೆ. ಜೆಟ್ಟಿಗೆ ಹತ್ತಿರ ಬಂದಿದ್ದೆವು. ಪೈಲಟ್ ವಾಕಿಟಾಕಿಯಲ್ಲಿ ಟಗ್‌ನವರ ಜೊತೆ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ. ನಮಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಹಿಂಬದಿ ಜೋರಾಗಿ ತಿರುಗುತ್ತಿದೆ ಅಂತ ನನಗೇ ಗೊತ್ತಾಗುತ್ತಿತ್ತು. ಕ್ಯಾಪ್ಟನ್ 'ಏನಾಗ್ತಿದೆ?' ಅಂತ ಕೇಳಿದರು. ಪೈಲಟ್ ತಿರುಗಿ ನೋಡದೆ ಅಂಗೈ ಎತ್ತಿದ, ಸುಮ್ನಿರಿ ಅಂತ. ಅಷ್ಟರಲ್ಲಿ ಹಡಗು ಜೆಟ್ಟಿಗೆ ಉಜ್ಜಿ ಎರಡು ಫೆಂಡರ್ (ಹಡಗು ತಾಗಿದರೆ ಏಟು ತಡೆಯಲು ಜೆಟ್ಟಿಗೆ ಕಟ್ಟಿದ ದಿಂಬುಗಳು) ಕಿತ್ತು ಬಂದವು. ಇನ್ನೇನು ಗುದ್ದುತ್ತದೆ ಅನ್ನುವಾಗ ಹಡಗನ್ನು ಪೈಲಟ್ ಕೈಯಿಂದ ಕಿತ್ತುಕೊಳ್ಳಬೇಕಿತ್ತಾ? ಹಾಗೆ ಮಾಡಿ ಇನ್ನೂ ಜೋರಾಗಿ ಗುದ್ದಿದ್ದರೆ? ಪೈಲಟ್ ಏಣಿ ಇಳಿದು ಹೋದ. ಬಿಲ್ಲಿಗೆ ಸಹಿ ಹಾಕಿದ್ದು ನಮ್ಮ ಕ್ಯಾಪ್ಟನ್.

'ಪೈಲಟ್‌ಗಳೂ ಜೈಲಿಗೆ ಹೋಗಿದ್ದಾರೆ' ಅಂತಲೂ ಹೇಳುತ್ತಾರೆ. ಹೋಗಿದ್ದಾರೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಟ್ಟ ಮಂಜಿನಲ್ಲಿ ಕಾಸ್ಕೊ ಬುಸಾನ್ ಅನ್ನುವ ಹಡಗು ಸೇತುವೆಗೆ ಗುದ್ದಿ ಎಣ್ಣೆ ಚೆಲ್ಲಿತು. ಪೈಲಟ್‌ಗೆ 10 ತಿಂಗಳು ಶಿಕ್ಷೆಯಾಯಿತು. ನಕ್ಷೆಯ ಪರದೆ ಮೇಲಿನ ಕೆಂಪು ತ್ರಿಕೋನಗಳು ಏನು ಅಂತ ಆತ ಕ್ಯಾಪ್ಟನ್‌ನ ಕೇಳಿದ್ದ! ಊರಿನ ನೀರು ಬಲ್ಲವನು ಅಂತ ಕರೆಸಿಕೊಂಡವನೇ ಕೇಳಿದರೆ ಇನ್ನೇನು ಹೇಳುವುದು. ಆದರೆ ಅಂಥ ಶಿಕ್ಷೆ ಅಪರೂಪ. ಅದೊಂದನ್ನೇ ನೂರು ಸಲ ಹೇಳುತ್ತಾರೆ.

ಪೈಲಟ್‌ಗಳ ಮೇಲೆ ನನಗೆ ದ್ವೇಷ ಇಲ್ಲ. ಅಲೆಯಲ್ಲಿ ಆ ಏಣಿ ಹತ್ತುವುದು ನಮ್ಮ ನಿಮ್ಮ ಕೈಲಾಗುವ ಕೆಲಸ ಅಲ್ಲ. ಬಿದ್ದು ಸತ್ತವರೂ ಇದ್ದಾರೆ. ನನ್ನ ಸಿಟ್ಟು ಅವರನ್ನು ಕಳಿಸಿ ಕೈ ತೊಳೆದುಕೊಳ್ಳುವ ಬಂದರಿನವರ ಮೇಲೆ. 1996ರಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ ಸೀ ಎಂಪ್ರೆಸ್ ಟ್ಯಾಂಕರ್ ಬಂಡೆಗೆ ತಾಗಿ 72,000 ಟನ್ ಕಚ್ಚಾ ತೈಲ ಸಮುದ್ರಕ್ಕೆ ಹೋಯಿತು. ಅಷ್ಟು ದೊಡ್ಡ ಟ್ಯಾಂಕರ್ ನಡೆಸಲು ಆ ಪೈಲಟ್‌ಗೆ ಸಾಕಷ್ಟು ತರಬೇತಿಯೂ ಅನುಭವವೂ ಇರಲಿಲ್ಲ ಅಂತ ತನಿಖೆ ಹೇಳಿತು. ತರಬೇತಿ ಕೊಡಬೇಕಾದವರು ಯಾರು? ಬಂದರಿನವರೇ. ಅಲ್ಲಿ ಕೋರ್ಟು ಬಂದರಿಗೇ 40 ಲಕ್ಷ ಪೌಂಡ್ ದಂಡ ಹಾಕಿತು. ಖುಷಿಪಡುವ ಮೊದಲೇ ಅಪೀಲಿನಲ್ಲಿ ಅದು 7.5 ಲಕ್ಷಕ್ಕೆ ಇಳಿಯಿತು, ಆ ಮಾತು ಬೇರೆ.

ಹಾನಿಯಾದವರಿಗೆ ಯಾರಾದರೂ ದುಡ್ಡು ಕೊಡಲೇಬೇಕು, ಪೈಲಟ್ ಹತ್ತಿರ ಅಷ್ಟು ಎಲ್ಲಿರುತ್ತದೆ ಅನ್ನುವುದು ನನಗೂ ಅರ್ಥವಾಗುತ್ತದೆ. ಮೊದಲು ಹಡಗಿನ ವಿಮೆಯವರು ಕೊಡಲಿ. ಆಮೇಲೆ ಪೈಲಟ್ ತಪ್ಪು ಎಷ್ಟೋ ಅಷ್ಟನ್ನು ಬಂದರಿನಿಂದ ವಸೂಲಿ ಮಾಡಲಿ. ಬ್ರಿಡ್ಜ್‌ನಲ್ಲಿ ಯಾರು ಏನು ಹೇಳಿದರು ಅನ್ನುವುದೆಲ್ಲ ರೆಕಾರ್ಡ್ ಆಗಿರುತ್ತದೆ, ಹಾಕಿ ಕೇಳಿದರಾಯಿತು. ಪನಾಮ ಕಾಲುವೆಯಲ್ಲಿ ಹಡಗು ನಡೆಸುವ ಪೂರ್ತಿ ಅಧಿಕಾರ ಪೈಲಟ್‌ಗೇ ಕೊಟ್ಟಿದ್ದಾರೆ, ಕಾಲುವೆಯವರ ತಪ್ಪು ಸಾಬೀತಾದರೆ ಕಾಲುವೆಯವರೇ ಹಣ ಕಟ್ಟಬೇಕು. ಅಲ್ಲೇನು ಹಡಗು ಓಡಾಡುವುದು ನಿಂತಿದೆಯಾ?

ಹಾಗೆ ಮಾಡಿದರೆ ಬಂದರಿನವರು ಪೈಲಟ್ ಫೀ ಜಾಸ್ತಿ ಮಾಡುತ್ತಾರೆ ಅಂತೀರಾ? ಮಾಡಲಿ. ಈಗೇನು ಕಡಿಮೆ ತಗೊಳ್ಳುತ್ತಿದ್ದಾರಾ?