26 ಕೆಜಿ ಬಡವ, ಒಂದು ಕೆಜಿ ಶ್ರೀಮಂತ

ಬಡವ ಯಾರು, ಶ್ರೀಮಂತ ಯಾರು ಅಂತ ತೀರ್ಮಾನಿಸಲು ಈಗ ಆದಾಯ ಪ್ರಮಾಣಪತ್ರ ಬೇಕಿಲ್ಲ. ಅವನು ಕೊಳ್ಳುವ ಅಕ್ಕಿ ಚೀಲವನ್ನು ತಕ್ಕಡಿಗೆ ಹಾಕಿದರೆ ಸಾಕು. ಪ್ಯಾಕ್ ಮಾಡಿ ಚೀಟಿ ಅಂಟಿಸಿದ ಅಕ್ಕಿ 25 ಕೆಜಿವರೆಗೆ ಇದ್ದರೆ ಶೇ 5 ಜಿಎಸ್‌ಟಿ. 25 ದಾಟಿತೋ, ತೆರಿಗೆ ಸೊನ್ನೆ. ಅಂದರೆ ಒಂದು ಕೆಜಿ ಪ್ಯಾಕೆಟ್ ಕೊಳ್ಳುವವನು ತೆರಿಗೆ ಕಟ್ಟುವಷ್ಟು ಅನುಕೂಲಸ್ಥ. ಮೂಟೆಗಟ್ಟಲೆ ಹೊತ್ತೊಯ್ಯುವವನು ಪಾಪ, ಕಷ್ಟದಲ್ಲಿದ್ದಾನೆ.

ಇದು ಕಟ್ಟುಕಥೆಯಲ್ಲ. 2022ರ ಜುಲೈ 18ರಿಂದ ಜಾರಿಯಲ್ಲಿರುವ ನಿಯಮ. ಜನರಿಗೆ ಗೊಂದಲವಾಗದಿರಲಿ ಅಂತ ಹಣಕಾಸು ಸಚಿವಾಲಯ ಆಗಲೇ ಉದಾಹರಣೆ ಕೊಟ್ಟು ವಿವರಿಸಿತ್ತು: 25 ಕೆಜಿ ಗೋಧಿಹಿಟ್ಟಿನ ಚೀಲಕ್ಕೆ ತೆರಿಗೆ ಇದೆ, 30 ಕೆಜಿ ಚೀಲಕ್ಕೆ ಇಲ್ಲ. ಹತ್ತತ್ತು ಕೆಜಿಯ ಚೀಲಗಳನ್ನು ದೊಡ್ಡ ಚೀಲದೊಳಗೆ ತುರುಕಿ ಜಾಣತನ ತೋರಿಸಿದರೆ ನಡೆಯಲ್ಲ ಅಂತಲೂ ಹೇಳಿತ್ತು. ಅಕ್ಕಿ ಗಿರಣಿಯವರು ಅದಕ್ಕಿಂತ ಜಾಣರು. 25 ಕೆಜಿ ಚೀಲಕ್ಕೆ ಇನ್ನೊಂದು ಕೆಜಿ ತುಂಬಿ 26 ಮಾಡಿದರು. ಕಾನೂನು ಮುಗಿಯಿತು.

ಈಗ ಬೆಂಗಳೂರಿನ ಒಂದು ರೂಮಿನಲ್ಲಿ ಒಬ್ಬನೇ ಇರುವ ಹುಡುಗನೊಬ್ಬನನ್ನು ಲೆಕ್ಕಕ್ಕೆ ಹಿಡಿಯೋಣ. ಬಾಡಿಗೆ, ಬಸ್ಸು, ಮೊಬೈಲು ಕಳೆದು, ಊರಿಗೆ ಒಂದಿಷ್ಟು ಕಳಿಸಿ, ದಿನಸಿಗೆ ಅವನ ಕೈಯಲ್ಲಿ ಉಳಿಯುವುದು ತಿಂಗಳಿಗೆ 2,500 ರೂಪಾಯಿ. ಅಕ್ಕಿ ಕೆಜಿಗೆ 60 ರೂಪಾಯಿ ಅಂದುಕೊಳ್ಳಿ. ಶೇ 5 ಅಂದರೆ ಮೂರು ರೂಪಾಯಿ. ಈ ಮೂರು ರೂಪಾಯಿ ಉಳಿಸಬೇಕಾದರೆ ಅವನು 26 ಕೆಜಿ ಮೂಟೆ ತರಬೇಕು. ಅದಕ್ಕೆ 1,560 ರೂಪಾಯಿ. ಉಳಿತಾಯ 78 ರೂಪಾಯಿ. ತಿಂಗಳ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಕಿಗೇ ಹೋಯಿತು. ಉಳಿದ 940ರಲ್ಲಿ ಬೇಳೆ, ಎಣ್ಣೆ, ಹಾಲು, ತರಕಾರಿ, ಸೋಪು, ಗ್ಯಾಸು.

ದಿನಕ್ಕೆ 200 ಗ್ರಾಂ ಬೇಯಿಸಿದರೂ ಆ ಮೂಟೆ ಖಾಲಿಯಾಗಲು 130 ದಿನ ಬೇಕು. ನಾಲ್ಕು ತಿಂಗಳು ದಾಟುತ್ತದೆ. ಅಷ್ಟು ದಿನ ಅದನ್ನು ಇಡುವುದೆಲ್ಲಿ? ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಒಲೆ. ಮೂಟೆ ಬಂದರೆ ಕುರ್ಚಿ ಹೊರಗೆ ಹೋಗಬೇಕು. ಇರಲಿ, ಮೂಟೆಯ ಮೇಲೇ ಕೂರಬಹುದು. ಎರಡನೇ ತಿಂಗಳಿಗೆ ಹುಳ ಬೀಳುತ್ತದೆ. ಒಣಮೆಣಸಿನಕಾಯಿ ಹಾಕು, ಬೇವಿನ ಸೊಪ್ಪು ಹಾಕು ಅಂತ ಊರಿಂದ ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಮೆಣಸಿನಕಾಯಿಗೆ ಬೇರೆ ದುಡ್ಡು. ಕೊನೆಗೆ ತೆರಿಗೆ ವಿನಾಯಿತಿಯ ಪೂರ್ತಿ ಲಾಭ ಆಗುವುದು ಹುಳಕ್ಕೆ.

ಪ್ಯಾಕೆಟ್ ಯಾಕೆ ಕೊಳ್ಳಬೇಕು, ಬಿಡಿ ಅಕ್ಕಿ ಕೊಳ್ಳಲಿ ಅಂತೀರಿ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೂಡ ಆಗ ಅದನ್ನೇ ಹೇಳಿದ್ದರು. ಹದಿನಾಲ್ಕು ಪದಾರ್ಥಗಳ ಪಟ್ಟಿಯನ್ನೇ ಕೊಟ್ಟು, ಬಿಡಿಯಾಗಿ ಮಾರಿದರೆ ಇವಕ್ಕೆ ಜಿಎಸ್‌ಟಿ ಇಲ್ಲ ಎಂದಿದ್ದರು. ಅವರು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದಲೇ, ಆದ್ದರಿಂದ ಮಾತು ಮೀರುವಂತಿಲ್ಲ. ಸರಿ, ಪಟ್ಟಿಯಲ್ಲಿ ಮೊಸರೂ ಇದೆ. ಮೊಸರನ್ನು ಬಿಡಿಯಾಗಿ ಕೊಳ್ಳುವುದು ಹೇಗೆ? ಬೆಂಗಳೂರಿನಲ್ಲಿ ಚೊಂಬು ಹಿಡಿದು ಹೊರಟರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಮೊಸರಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ಯಾಕೆಟ್ ಮೊಸರಿಗೆ ತೆರಿಗೆ ಬಿದ್ದ ಕೂಡಲೇ 200 ಗ್ರಾಮಿನ ನಂದಿನಿ ಮೊಸರು 10 ರೂಪಾಯಿಂದ 12ಕ್ಕೆ ಹೋಯಿತು. ಶೇ 5 ತೆರಿಗೆಗೆ ಶೇ 20 ಏರಿಕೆ. ಜನ ಬೈದರು. ಆಗ ದರ ಇಳಿಸಿ 10 ರೂಪಾಯಿ 50 ಪೈಸೆ ಮಾಡಿದರು. ತೆರಿಗೆ ದರಗಳನ್ನು ಸರಿಪಡಿಸಲು ಇದ್ದ ಸಚಿವರ ತಂಡಕ್ಕೆ ನಮ್ಮ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೇ ಮುಖ್ಯಸ್ಥರಾಗಿದ್ದರು, ಅದು ಬೇರೆ ವಿಷಯ. ಲೆಕ್ಕ ಸರಿಯಾಗಿದೆ, ಹತ್ತಕ್ಕೆ ಐವತ್ತು ಪೈಸೆ ಅಂದರೆ ಸರಿಯಾಗಿ ಶೇ 5. ಆದರೆ ಆ ಐವತ್ತು ಪೈಸೆ ನಾಣ್ಯ ಎಲ್ಲಿದೆ? ಚಲಾವಣೆಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ ಹೇಳುತ್ತದೆ. ಅಂಗಡಿಯವನು ಇಲ್ಲ ಅನ್ನುತ್ತಿದ್ದ. ಹನ್ನೊಂದು ರೂಪಾಯಿ ಕೊಟ್ಟರೆ ಚಿಲ್ಲರೆ ಬದಲು ಚಾಕ್ಲೇಟು ಸಿಗುತ್ತಿತ್ತು. ಎರಡು ಪ್ಯಾಕೆಟ್ ಕೊಳ್ಳುವ ಸಂಸಾರಸ್ಥನಿಗೆ ಆಗ ಸರಿಯಾಗಿ 21 ರೂಪಾಯಿ, ಒಂದು ಪೈಸೆಯೂ ನಷ್ಟವಿರಲಿಲ್ಲ. ಒಂದೇ ಕೊಳ್ಳುವವನಿಗೆ ಮಾತ್ರ ಹಲ್ಲು ಹುಳುಕು.

ಹಾಲಿನದು ಇನ್ನೂ ಸೊಗಸು. 2024ರ ಜೂನ್‌ನಲ್ಲಿ 22 ರೂಪಾಯಿಯ ಅರ್ಧ ಲೀಟರ್ ನೀಲಿ ಪ್ಯಾಕೆಟ್‌ಗೆ 50 ಎಂಎಲ್ ಸೇರಿಸಿ 24 ಮಾಡಿದರು. ಇದು ದರ ಏರಿಕೆ ಅಲ್ಲವೇ ಅಲ್ಲ, ಹಾಲು ಜಾಸ್ತಿ ಕೊಟ್ಟಿದ್ದೇವೆ ಅಂದರು. ಲೆಕ್ಕ ಹಾಕಿದರೆ ನಿಜವೇ, ಸುಳ್ಳು ಹೇಳಬಾರದು. ಆದರೆ ನನಗೆ ಅಷ್ಟು ಹಾಲು ಬೇಡ ಅನ್ನುವ ಅವಕಾಶ ಇರಲಿಲ್ಲ. ಫ್ರಿಜ್ ಇಲ್ಲದ ರೂಮಿನಲ್ಲಿ ಅರ್ಧ ಲೀಟರನ್ನೇ ಸಂಜೆವರೆಗೆ ಕಾಪಾಡುವುದು ಕಷ್ಟ. ಹೇಗೋ ಆ 50 ಎಂಎಲ್ ಕುಡಿದು ಅಭ್ಯಾಸ ಮಾಡಿಕೊಂಡಿದ್ದಾಯಿತು. 2025ರ ಏಪ್ರಿಲ್ 1ರಂದು ಲೀಟರಿಗೆ ನಾಲ್ಕು ರೂಪಾಯಿ ಏರಿತು, ಆ 50 ಎಂಎಲ್ ಮಾಯವಾಯಿತು. 24 ರೂಪಾಯಿ ಹಾಗೇ ಉಳಿಯಿತು. ರೈತರಿಗೆ ದುಡ್ಡು ಹೋಗುವುದಾದರೆ ಹೋಗಲಿ, ಅದಕ್ಕೆ ತಕರಾರಿಲ್ಲ. ನೇರವಾಗಿ ಹೇಳಬಹುದಿತ್ತಲ್ವಾ?

ಹಿಟ್ಟು ಮತ್ತು ರೊಟ್ಟಿಯ ವಿಚಾರ. ಪ್ಯಾಕೆಟ್ ಪರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ ಶೇ 18 ತೆರಿಗೆ ಅಂತ 2020ರಲ್ಲಿ ತೀರ್ಪು ಕೊಟ್ಟಿದ್ದು ನಮ್ಮ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರವೇ. 2025ರ ಸೆಪ್ಟೆಂಬರ್ 22ರಿಂದ ಪರೋಟಕ್ಕೂ ರೊಟ್ಟಿಗೂ ತೆರಿಗೆಯೇ ಇಲ್ಲ. ಒಳ್ಳೆಯದೇ. ಆದರೆ ಪ್ಯಾಕೆಟ್ ಗೋಧಿಹಿಟ್ಟಿಗೆ ಶೇ 5 ಹಾಗೇ ಇದೆ. ತಾನೇ ಕಲಸಿ, ಲಟ್ಟಿಸಿ, ಬೇಯಿಸಿಕೊಂಡು ನಾಲ್ಕು ಕಾಸು ಉಳಿಸೋಣ ಅಂತ ಹೊರಟವನು ತೆರಿಗೆ ಕಟ್ಟಬೇಕು. ಬೇರೆಯವರು ಮಾಡಿದ್ದನ್ನು ಕವರ್ ಹರಿದು ಬಿಸಿ ಮಾಡಿಕೊಳ್ಳುವವನಿಗೆ ವಿನಾಯಿತಿ. ಸೋಮಾರಿತನಕ್ಕೆ ಇಷ್ಟು ಪ್ರೋತ್ಸಾಹ ಕೊಟ್ಟ ಸರ್ಕಾರ ಇನ್ನೊಂದಿಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳೂ ಇವೆ. ಅಲ್ಲಿ 85 ರೂಪಾಯಿಗೆ ಕಾಲು ಕೆಜಿ ಬೇಳೆ, ಒಂದು ಮೊಸರು, ನಾಲ್ಕು ಟೊಮೆಟೊ ಹಾಕಿ ನೋಡಿ. ಡೆಲಿವರಿಗೆ ಒಂದು ಚಾರ್ಜು, ಹ್ಯಾಂಡ್ಲಿಂಗ್‌ಗೆ ಒಂದು ಚಾರ್ಜು. ಇವೆರಡೂ ಎಲ್ಲರಿಗೂ ಇರುವ ಮಾತು. ಮೂರನೆಯದು ‘ಸಣ್ಣ ಕಾರ್ಟ್’ ಚಾರ್ಜು. ಕಡಿಮೆ ಕೊಂಡಿದ್ದಕ್ಕೆ ದಂಡ. ಈ ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ. ಬೇಳೆಗೆ ಶೇ 5, ಬೇಳೆ ಕೊಳ್ಳಲು ಹೆಚ್ಚು ದುಡ್ಡಿಲ್ಲ ಅನ್ನುವುದಕ್ಕೆ ಶೇ 18. ಇನ್ನೂ 115 ರೂಪಾಯಿ ಸಾಮಾನು ಸೇರಿಸಿ, ಡೆಲಿವರಿ ಉಚಿತ ಅಂತ ಹಸಿರು ಅಕ್ಷರದಲ್ಲಿ ಆಸೆ ತೋರಿಸುತ್ತಾರೆ. 25 ರೂಪಾಯಿ ಉಳಿಸಲು 115 ಖರ್ಚು ಮಾಡಿ, ರಾತ್ರಿ ಹನ್ನೊಂದಕ್ಕೆ ಬೇಡದ ಚಿಪ್ಸ್ ತಿನ್ನುವುದು.

ಅನ್ನಭಾಗ್ಯ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅವನ ಹೆಸರು ಊರಿನಲ್ಲಿ ಅಮ್ಮನ ಕಾರ್ಡಿನಲ್ಲಿದೆ. ಬೆಂಗಳೂರಿನಲ್ಲೂ ಹೆಬ್ಬೆಟ್ಟು ಒತ್ತಿ ತನ್ನ ಪಾಲು ತೆಗೆದುಕೊಳ್ಳಬಹುದು, ಒಂದು ದೇಶ ಒಂದು ಕಾರ್ಡು. ಇಲ್ಲಿ ಅಳೆದಷ್ಟು ಅಲ್ಲಿ ಅಮ್ಮನ ಡಬ್ಬದಲ್ಲಿ ಕಡಿಮೆ, ಅಷ್ಟೇ. ಗೃಹಲಕ್ಷ್ಮಿಯ 2,000 ರೂಪಾಯಿ ಬರಬೇಕಾದರೆ ಮನೆಗೊಬ್ಬಳು ಯಜಮಾನಿ ಬೇಕು. ಇವನ ರೂಮಿಗೆ ಇರುವ ಯಜಮಾನಿ ಒಬ್ಬರೇ, ಮನೆ ಓನರ್ ಆಂಟಿ. ಅವರು ಪ್ರತಿ ತಿಂಗಳು ಐದನೇ ತಾರೀಕು ಇವನಿಂದಲೇ ತೆಗೆದುಕೊಳ್ಳುತ್ತಾರೆ. ಎಷ್ಟು ಜನ ಇದ್ದೀರಿ ಅಂತ ಕೇಳದೆ ಒಬ್ಬನಿಗೆ ಒಂದು ಊಟ ಅಂತ ಹತ್ತು ರೂಪಾಯಿಗೆ ಬಡಿಸುವ ಜಾಗ ಒಂದೇ, ಇಂದಿರಾ ಕ್ಯಾಂಟೀನ್. ಇಷ್ಟು ಸರಳ ಯೋಜನೆ ಸರ್ಕಾರಕ್ಕೆ ಹೇಗೆ ಹೊಳೆಯಿತೋ!

ಆದ್ದರಿಂದ ನನ್ನದೊಂದು ವಿನಂತಿ ಇದೆ. ಒಂಟಿ ಜನರಿಗೆ ಮೂಟೆಯಲ್ಲಿ ಷೇರು ಕೊಡಿ. 26 ಜನ ಸೇರಿ ಒಂದು ಮೂಟೆ ಕೊಳ್ಳುತ್ತೇವೆ. ಅದು ಅಂಗಡಿಯಲ್ಲೇ ಇರಲಿ. ಬೇಕಾದಾಗ ಬಂದು ನಮ್ಮ ನಮ್ಮ ಒಂದು ಕೆಜಿ ಒಯ್ಯುತ್ತೇವೆ. ಈ ಮಹಾ ಯೋಜನೆಯನ್ನು ಮೂಲೆ ಅಂಗಡಿಯ ಶೆಟ್ಟರಿಗೆ ವಿವರಿಸಿದರೆ ಅವರು ಕನ್ನಡಕದ ಮೇಲಿಂದ ನೋಡುತ್ತಾರೆ. ‘ನಾನು ಮೂಟೆ ಬಿಚ್ಚಿ ಮಾರೋದು ಅದೇ ತಾನೇ? ಎಷ್ಟು ಬೇಕು ಹೇಳಪ್ಪ.’

‘ಒಂದು ಕೆಜಿ ಶೆಟ್ರೇ.’

‘ಕವರಿಗೆ ಹಾಕಿ, ತೂಕ ಬರೆದು, ಚೀಟಿ ಅಂಟಿಸಿ ಕೊಡಲಾ?’

‘ಅಯ್ಯೋ ಬೇಡ! ಶೇ 5 ಬೀಳುತ್ತೆ. ಹಾಗೇ ಈ ಹೆಲ್ಮೆಟ್ಟಿಗೆ ಸುರಿದುಬಿಡಿ.’